ಹಳೆ ಮನೆ, ಹೊಸ ಕೋಣೆ, ನಡುವೆ ಒಂದು ಇಂಚು

(ನಮ್ಮೂರಿನ ಗ್ರಂಥಾಲಯದಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತು ಮುಗಿದ ಮೇಲೆ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಎಂಜಿನಿಯರ್ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಿಯಾದವಳು. ತೀರ್ಥಹಳ್ಳಿ ಸೀಮೆಯ ಒಂದು ಹೆಂಚಿನ ಮನೆಯನ್ನು ರಿಪೇರಿ ಮಾಡಿಸಿ, ಹಿಂದುಗಡೆ ಒಂದು ಕೋಣೆ ಮತ್ತು ಬಚ್ಚಲು ಸೇರಿಸಿದ್ದೇವೆ. ಇವತ್ತಿನ ಮಾತೆಲ್ಲ ಅದರದ್ದೇ. ಕೆಲಸ ನಡೆಯುವಾಗ ಮನೆಗೆ ಬಂದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು. "ಇಷ್ಟೆಲ್ಲ ಒದ್ದಾಡೋ ಬದಲು ಕೆಡವಿ ಹೊಸದು ಕಟ್ಟಿದ್ರೆ ಆಗ್ತಿರ್ಲಿಲ್ವಾ?"

ಆಗುತ್ತಿತ್ತು. ಕೆಡವಬೇಕಾದ ಮನೆಗಳೂ ಇವೆ. ಗೋಡೆ ಹೊಟ್ಟೆ ಬಿಟ್ಟಿದ್ದರೆ, ಪಾಯವೇ ಕುಸಿಯುತ್ತಿದ್ದರೆ, ಅಜ್ಜನ ನೆನಪು ಅಂತ ಹಿಡಿದುಕೊಂಡು ಕೂರುವುದರಲ್ಲಿ ಅರ್ಥವಿಲ್ಲ. ನಮ್ಮ ಮನೆ ಹಾಗಿರಲಿಲ್ಲ. ಯಜಮಾನರ ಅಜ್ಜ 1938ರ ಸುಮಾರಿಗೆ ಕಟ್ಟಿಸಿದ್ದು. ಜಂಬಿಟ್ಟಿಗೆ, ಅಂದರೆ ಮುರಕಲ್ಲಿನ ಗೋಡೆ, ಕೆಸರು ಮಣ್ಣಿನ ಗಾರೆ, ಮೇಲೆ ಮಂಗಳೂರು ಹೆಂಚು. ತೂಕದ ಗುಂಡು ಇಳಿಬಿಟ್ಟು ನೋಡಿದರೆ ಗೋಡೆಗಳು ಇನ್ನೂ ನೆಟ್ಟಗೇ ಇದ್ದವು. ಮರದಲ್ಲಿ ಮುಕ್ಕಾಲು ಪಾಲು ಗಟ್ಟಿ. ನೀರು ಕುಡಿದು ಕೆಟ್ಟಿದ್ದ ಜಾಗಗಳು ಇದ್ದವು. ಆದರೆ ಅವು ಎಲ್ಲೆಲ್ಲಿವೆ ಅಂತ ಬೆರಳಿಟ್ಟು ತೋರಿಸಬಹುದಿತ್ತು.

ಕೋಣೆ ಬೇಕಾದದ್ದು ನಮ್ಮ ಅತ್ತೆಗೆ. ಅವರ ಮಂಡಿ ಸೋತಿತ್ತು. ಬಚ್ಚಲು, ಪಾಯಖಾನೆ ಎಲ್ಲ ಹಿತ್ತಲ ಆಚೆ. ಮಲೆನಾಡಿನ ಮಳೆಗಾಲದಲ್ಲಿ ರಾತ್ರಿ ಎದ್ದು ಜಾರುವ ಅಂಗಳ ದಾಟಿ ಹೋಗುವುದು ಅಂದರೆ ಏನು ಅಂತ ಇಲ್ಲಿರುವವರಿಗೆ ನಾನು ಹೇಳಬೇಕಾಗಿಲ್ಲ. ಇಲ್ಲೇ ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ. ನಮ್ಮಲ್ಲಿ ಅಷ್ಟಿಲ್ಲ. ಆದರೆ ಮನೆ ಹಾಳಾಗುವುದಕ್ಕೆ ಅಷ್ಟೇನೂ ಬೇಕಾಗಿಲ್ಲ.

ಕೆಲಸ ಶುರು ಮಾಡುವ ಮುಂಚೆ ನಾವು ಮಾಡಿದ್ದು ಎರಡೇ. ಒಂದು ಮಳೆಗಾಲ ಪೂರ್ತಿ ಮನೆಯನ್ನು ಸುಮ್ನೆ ನೋಡಿದೆವು. ಎಲ್ಲಿ ಸೋರುತ್ತದೆ, ಯಾವ ಗೋಡೆ ಯಾವ ತಿಂಗಳಲ್ಲಿ ಒದ್ದೆಯಾಗುತ್ತದೆ, ಸೂರಿನ ನೀರು ಬಿದ್ದು ಎತ್ತ ಹರಿಯುತ್ತದೆ ಅಂತ ಮನೆಯ ನಕ್ಷೆ ಬರೆದು ಅದರ ಮೇಲೆ ಗುರುತು ಹಾಕಿದೆ. ಗಣಿತದ ಮೇಷ್ಟ್ರಿಗೆ ಕಾಗದ, ಪೆನ್ಸಿಲ್ಲು ಕೊಟ್ಟರೆ ಸಾಕು ನೋಡಿ. ಇನ್ನೊಂದು, ಹೀಗೇ ಹಳೆ ಮನೆಗೆ ಹೊಸ ಭಾಗ ಸೇರಿಸಿದ ಸುತ್ತಲಿನ ಮನೆಗಳನ್ನು ನೋಡಿಕೊಂಡು ಬಂದೆವು. ಹೋದಲ್ಲೆಲ್ಲ ಕಾಫಿ ಕೊಟ್ಟರು, ಮನೆ ತೋರಿಸಿದರು, ಕೊನೆಗೆ ಒಂದು ಬಿರುಕನ್ನೂ ತೋರಿಸಿದರು. ಆ ಬಿರುಕು ಎಲ್ಲ ಮನೆಯಲ್ಲೂ ಒಂದೇ ಜಾಗದಲ್ಲಿತ್ತು. ಹಳೆ ಗೋಡೆ ಮತ್ತು ಹೊಸ ಗೋಡೆ ಕೂಡುವ ಕಡೆ. ಸೋರಿಕೆಯೂ ಅಲ್ಲೇ, ಪಾಚಿಯೂ ಅಲ್ಲೇ. ಒಂದು ಮನೆಯಲ್ಲಂತೂ ಬಿರುಕಿಗೆ ಸಿಮೆಂಟು ತುಂಬಿ, ಅದು ಮತ್ತೆ ಬಾಯಿ ಬಿಟ್ಟು, ಮತ್ತೆ ತುಂಬಿ, ಕೊನೆಗೆ ಅದರ ಮುಂದೆ ಬೀರು ತಂದು ನಿಲ್ಲಿಸಿದ್ದರು.

ಹಾಗಾಗಿ ನಾನು ಇವತ್ತು ಹೇಳಬೇಕೆಂದಿರುವುದು ಮುಖ್ಯವಾಗಿ ಆ ಕೂಡುವ ಜಾಗದ ವಿಷಯ. ಅಲ್ಲಿಗೆ ಹೋಗುವ ಮುಂಚೆ ಹಳೆ ಮನೆಯ ಮಾಡು (ಚಾವಣಿ), ಗೋಡೆ ಎರಡರ ಬಗ್ಗೆ ಒಂದಿಷ್ಟು ಹೇಳಬೇಕು. ಅವು ಹೇಗೆ ಕೆಲಸ ಮಾಡುತ್ತವೆ ಅಂತ ಗೊತ್ತಿಲ್ಲದಿದ್ದರೆ, ಆ ಕೂಡುವ ಜಾಗದಲ್ಲಿ ನಾವು ಬಿಟ್ಟ ಒಂದು ಇಂಚಿನ ಗುಟ್ಟು ಅರ್ಥವಾಗುವುದಿಲ್ಲ.

ಮೊದಲು ಮಾಡು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯ ಜೇಡಿಮಣ್ಣು ಅದಕ್ಕೆ ಚೆನ್ನಾಗಿ ಹೊಂದಿತು. ಆಮೇಲೆ ಕರಾವಳಿಯ ಉದ್ದಕ್ಕೂ ಕಾರ್ಖಾನೆಗಳು ಎದ್ದವು. ಆ ಹೆಂಚುಗಳು ಘಟ್ಟ ಹತ್ತಿ ನಮ್ಮ ಕಡೆಗೂ ಬಂದವು. ನಮ್ಮ ಮನೆಯ ಹೆಂಚುಗಳ ಬೆನ್ನಿನ ಮೇಲೂ ಮಂಗಳೂರಿನ ಮುದ್ರೆ ಇದೆ. ಒಂದೊಂದಾಗಿ ಇಳಿಸಿ, ಪಾಚಿ ಉಜ್ಜಿ, ಬೆರಳಿನಿಂದ ತಟ್ಟಿ ನೋಡಿದೆವು. ಗಟ್ಟಿ ಹೆಂಚು ಟಣ್ ಅನ್ನುತ್ತದೆ. ಕಣ್ಣಿಗೆ ಕಾಣದ ಸೀಳಿದ್ದರೆ ಮಂದ ಸದ್ದು. ತಟ್ಟಿ ಬೇರೆ ಮಾಡುವ ಈ ಕೆಲಸವನ್ನು ಅತ್ತೆ ಜಗುಲಿಯ ಮೇಲೆ ಕೂತು ತಾವೇ ಮಾಡಿದರು. ಅವರ ಕಿವಿ ನಮಗಿಂತ ಚುರುಕು.

ಇಲ್ಲಿ ಒಂದು ಮಾತು ನೆನಪಿಟ್ಟುಕೊಳ್ಳಿ. ಎಲ್ಲವೂ ಮಂಗಳೂರು ಹೆಂಚೇ ಆದರೂ ಕಾರ್ಖಾನೆಯಿಂದ ಕಾರ್ಖಾನೆಗೆ ಅಳತೆ ಬೇರೆ. ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ಒಂದರ ತುಟಿ ಇನ್ನೊಂದರ ತೋಡಿನಲ್ಲಿ ಕೂರುವುದಿಲ್ಲ. ಹಳೆ ಹೆಂಚಿನ ನಡುವೆ ಅಲ್ಲೊಂದು ಇಲ್ಲೊಂದು ಹೊಸದು ತುರುಕಿದರೆ ಖಂಡಿತ ಸೋರುತ್ತದೆ. ನಾವು ಒಳ್ಳೆಯ ಹಳೆ ಹೆಂಚನ್ನೆಲ್ಲ ಮುಂದಿನ ಮಾಡಿಗೆ ಹಾಕಿ, ಹಿಂದಿನ ಒಂದು ಇಳಿಜಾರನ್ನು ಪೂರ್ತಿ ಬೇರೆ ಹೆಂಚಿನಿಂದ ಹೊದಿಸಿದೆವು. ನೂರು ಚದರಡಿಗೆ ಸುಮಾರು 150 ಹೆಂಚು ಬೇಕು. ಕೆಡವುತ್ತಿರುವ ಮನೆಗಳಿಂದ ಒಂದೇ ಮುದ್ರೆಯ ಹೆಂಚು ಒಟ್ಟಿಗೆ ಸಿಕ್ಕಿದರೆ ಬಿಡಬೇಡಿ.

ಮರದ ವಿಷಯ. ಪಕಾಸಿಗಳು, ಅಂದರೆ ಮಾಡಿನ ಇಳಿಜಾರಿಗೆ ಹಾಕುವ ಮರದ ತೊಲೆಗಳು, ನಡುವಿನಲ್ಲಿ ಕೆಡುವುದು ಕಡಿಮೆ. ಕೆಡುವುದು ಗೋಡೆಯ ಮೇಲೆ ಕೂರುವ ಕಡೆ ಮತ್ತು ಸೂರಿನ ತುದಿಯಲ್ಲಿ. ನಮ್ಮ ಮರಗೆಲಸದ ಆಚಾರ್ರು ಕೈಯಲ್ಲಿ ಸ್ಕ್ರೂ ಡ್ರೈವರ್ ಹಿಡಿದು ಏಣಿ ಹತ್ತಿ ಪ್ರತಿ ಪಕಾಸಿಯ ತುದಿಗೂ ಚುಚ್ಚಿದರು. ತುದಿ ಒಳಗೆ ಇಳಿದರೆ ಸೀಮೆಸುಣ್ಣದಲ್ಲಿ ಗೀಟು. ಹಾಗೆ ಗೀಟು ಬಿದ್ದವುಗಳಲ್ಲೂ ಪೂರ್ತಿ ಬದಲಿಸಿದ್ದು ಕೆಲವನ್ನು ಮಾತ್ರ. ಉಳಿದವಕ್ಕೆ ಕೆಟ್ಟ ತುದಿ ಕತ್ತರಿಸಿ, ಪಕ್ಕಕ್ಕೆ ಗಟ್ಟಿ ಮರದ ತುಂಡು ಕೂಡಿಸಿ ಬೋಲ್ಟ್ ಬಿಗಿದರು. ನೋಡುವುದಕ್ಕೆ ಚಂದ ಇಲ್ಲ, ನಿಜ. ಮುಚ್ಚಿಗೆಯ ಮೇಲೆ ಯಾರು ನೋಡುತ್ತಾರೆ? ಹೊಸ ಮರಕ್ಕೆ ಈಗಿನ ರೇಟು ಕೇಳಿದವರಿಗೆ ಆ ಬೋಲ್ಟು ಚಂದವಾಗಿಯೇ ಕಾಣುತ್ತದೆ.

"ಮಾಡು ತೆಗೆದು ಮೇಲೆ ಮೋಲ್ಡ್ ಹಾಕಿಸಿಬಿಡಿ, ತಲೆಬಿಸಿ ಮುಗೀತು" ಅಂದವರು ಬಹಳ ಜನ. ಇದಕ್ಕೆ ಗಣಿತದ ಉತ್ತರ ಇದೆ. ಐದು ಇಂಚು ದಪ್ಪದ ಮೋಲ್ಡ್, ಅಂದರೆ ಕಂಬಿ ಹಾಕಿದ ಕಾಂಕ್ರೀಟಿನ ಆರ್‌ಸಿಸಿ ತಾರಸಿ, ಒಂದು ಚದರಡಿಗೆ ಸುಮಾರು 30 ಕಿಲೋ ತೂಗುತ್ತದೆ. ಹೆಂಚು, ರೀಪು (ಹೆಂಚು ಕೂರುವ ಮರದ ಪಟ್ಟಿ), ಪಕಾಸಿ ಎಲ್ಲ ಸೇರಿಸಿದರೂ ಏಳೆಂಟು ಕಿಲೋ ದಾಟುವುದಿಲ್ಲ. ಅಂದರೆ ಮಣ್ಣಿನ ಗಾರೆಯ ಗೋಡೆ ಇಷ್ಟು ವರ್ಷ ಹೊತ್ತ ಭಾರದ ನಾಲ್ಕು ಪಟ್ಟು ಭಾರ ಒಮ್ಮೆಲೇ ಅದರ ತಲೆ ಮೇಲೆ. ಕೆಲವು ಗೋಡೆ ತಡೆದುಕೊಳ್ಳಬಹುದು. ನಮ್ಮದು ತಡೆಯುತ್ತದೋ ಇಲ್ಲವೋ ಅಂತ ಪರೀಕ್ಷೆ ಮಾಡುವ ಧೈರ್ಯ ನನಗಿರಲಿಲ್ಲ. ನೀರಿನ ಟ್ಯಾಂಕಿನದೂ ಇದೇ ಲೆಕ್ಕ. ಸಾವಿರ ಲೀಟರ್ ನೀರು ಅಂದರೆ ಒಂದು ಟನ್. ಅಟ್ಟದ ಮೇಲೆ ಟ್ಯಾಂಕ್ ಇಡುವವರನ್ನು ನೋಡಿದರೆ ನನಗೆ ಈಗಲೂ ಭಯ.

ಇನ್ನು ಗೋಡೆ. ನಮ್ಮ ಮಾವನವರು ಎಂಬತ್ತರ ದಶಕದಲ್ಲಿ, ಆಗ ಎಲ್ಲರೂ ಮಾಡಿದಂತೆ, ಸುಣ್ಣದ ಗಾರೆ ಕಿತ್ತು ಹೊರಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ದರು. ಜಂಬಿಟ್ಟಿಗೆ ತೂತು ತೂತಿನ ಕಲ್ಲು. ನೆಲದಿಂದ ಒಂದಿಷ್ಟು ತೇವ ಹೀರುವುದು ಅದರ ಗುಣ. ಕೆಸರಿನ ಗಾರೆಯೂ ಹಾಗೆಯೇ. ಹೊರಗೆ ಸುಣ್ಣ ಇದ್ದಾಗ ಮಳೆಗಾಲದಲ್ಲಿ ಒಳಗೆ ಬಂದ ತೇವ ಬೇಸಿಗೆಯಲ್ಲಿ ಆರಿ ಹೋಗುತ್ತಿತ್ತು. ಸಿಮೆಂಟು ಅದನ್ನು ಹೊರಗೆ ಬಿಡುವುದಿಲ್ಲ. ಮೈ ಒದ್ದೆ ಇರುವಾಗಲೇ ರೇನ್‌ಕೋಟ್ ಹಾಕಿ ಗುಂಡಿ ಹಾಕಿಕೊಂಡ ಹಾಗೆ. ತೇವ ದಾರಿ ಹುಡುಕಿಕೊಂಡು ಒಳಗೋಡೆಗೆ ಬಂತು. ಬಣ್ಣ ಉಬ್ಬಿತು, ಬಿಳಿ ಉಪ್ಪು ಹೊರಗೆ ಬಂತು, ಮುಟ್ಟಿದರೆ ಪುಡಿ ಉದುರುತ್ತಿತ್ತು. ಅದಕ್ಕೆ ಅಂಗಡಿಯವರು ಪ್ರತಿ ವರ್ಷ ಒಂದೊಂದು ಹೊಸ ವಾಟರ್‌ಪ್ರೂಫ್ ಬಣ್ಣ ಕೊಟ್ಟರು. ಅಂದರೆ ರೇನ್‌ಕೋಟಿನ ಮೇಲೆ ಇನ್ನೊಂದು ರೇನ್‌ಕೋಟು.

ಕೆಳಗಿನ ನಾಲ್ಕಡಿ ಪ್ಲಾಸ್ಟರ್ ಕಿತ್ತಾಗ ಒಳಗಿನ ಕಲ್ಲು ಫೆಬ್ರವರಿ ತಿಂಗಳಲ್ಲೂ ಕಪ್ಪಗೆ ಒದ್ದೆಯಾಗಿತ್ತು. ಕೆಲವು ಕಡೆ ಗಾರೆಯ ಮಣ್ಣು ಬೆರಳಿಗೆ ಬೆಣ್ಣೆಯ ಹಾಗೆ ಬರುತ್ತಿತ್ತು. ಹಾಗೇ ಬಿಟ್ಟು ಬಿಸಿಲಿಗೆ ಒಣಗಲು ಬಿಟ್ಟೆವು. ಮೇಸ್ತ್ರಿಗೆ ಅವಸರ. ಬೇರೆ ಕೆಲಸ ಕೊಟ್ಟು ಕೂರಿಸಿದೆವು. ಕಲ್ಲು ಬೆಳ್ಳಗೆ ತಿರುಗಿದ ಮೇಲೆ ಸುಣ್ಣ, ಮರಳು ಸೇರಿಸಿದ ಗಾರೆ ಹಚ್ಚಿದ್ದು. ನೆನೆಸಿದ ಸುಣ್ಣ ಹಳತಾದಷ್ಟೂ ಒಳ್ಳೆಯದು, ವಾರಗಟ್ಟಲೆ ನೀರಿನಲ್ಲಿರಬೇಕು. ಗೋಡೆಗೆ ಹಚ್ಚಿದ ಮೇಲೂ ಅದು ಗಾಳಿಯ ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತ ನಿಧಾನಕ್ಕೆ ಮತ್ತೆ ಕಲ್ಲಾಗುತ್ತದೆ. ಸಿಮೆಂಟಿನ ಹಾಗೆ ನಾಳೆಯೇ ಗಟ್ಟಿಯಾಗಲಿ ಅಂದರೆ ಆಗುವುದಿಲ್ಲ. ಅದರ ಮೇಲೆ ಸುಣ್ಣವನ್ನೇ ಬಳಿದೆವು. ಪ್ಲಾಸ್ಟಿಕ್ ಬಣ್ಣ ಹಚ್ಚಿದರೆ ಮಾಡಿದ್ದೆಲ್ಲ ದಂಡ.

ಅದಕ್ಕಿಂತ ದೊಡ್ಡ ಉಪಕಾರ ಮಾಡಿದ್ದು ಹಾರೆ, ಗುದ್ದಲಿ. ವರ್ಷ ವರ್ಷ ಮಣ್ಣು ತುಂಬಿ, ಮೇಲೆ ಸಿಮೆಂಟು ಅಂಗಳ ಮಾಡಿ, ಮನೆಯ ಸುತ್ತ ನೆಲವೇ ಏರಿತ್ತು. ಪಂಚಾಂಗದ, ಅಂದರೆ ಗೋಡೆಯ ಬುಡದ ಕಟ್ಟೆಯ, ಕಲ್ಲು ಅರ್ಧ ಹೂತು ಹೋಗಿತ್ತು. ಆ ಮಣ್ಣು ತೆಗೆಸಿ, ಗೋಡೆಯ ಬುಡದ ಸಿಮೆಂಟು ಒಡೆಸಿ, ಸೂರಿನ ನೀರು ಬೀಳುವ ಗೆರೆಗೆ ಸರಿಯಾಗಿ ಚರಂಡಿ ತೋಡಿಸಿದೆವು. ಯಾವ ಕೆಮಿಕಲ್ಲೂ ಇಲ್ಲದೆ ಮುಂದಿನ ಮಳೆಗೇ ಎರಡು ಕೋಣೆ ಒಣಗಿದವು. ನಿಮ್ಮ ಮನೆಯ ಗೋಡೆ ಒದ್ದೆ ಇದ್ದರೆ ಮೊದಲು ಬಣ್ಣದಂಗಡಿಗೆ ಹೋಗಬೇಡಿ. ಹೊರಗೆ ಬಂದು ಗೋಡೆಯ ಬುಡ ನೋಡಿ. ಹಿಂದಿನವರು ಮಳೆಗಾಲಕ್ಕೆ ಗೋಡೆಗೆ ಅಡಿಕೆ ಸೋಗೆ ಕಟ್ಟುತ್ತಿದ್ದದ್ದು ಚಂದಕ್ಕಲ್ಲ.

ಈಗ ಒಂದು ಇಂಚಿನ ವಿಷಯಕ್ಕೆ ಬರೋಣ.

ಹಳೆ ಮನೆ ಎಂಬತ್ತು ವರ್ಷದಿಂದ ಅದೇ ಮಣ್ಣಿನ ಮೇಲೆ ಕೂತಿದೆ. ಕುಸಿಯಬೇಕಾದಷ್ಟು ಕುಸಿದು ಆಗಿದೆ. ಹೊಸ ಪಾಯ ಹಾಗಲ್ಲ. ಎಷ್ಟೇ ಗಟ್ಟಿ ನೆಲದಲ್ಲಿ ಹಾಕಿದರೂ ಭಾರ ಬಿದ್ದ ಮೇಲೆ ಮೊದಲ ಕೆಲವು ವರ್ಷ ಒಂದಿಷ್ಟು ಇಳಿಯುತ್ತದೆ. ಇದರ ಜೊತೆಗೆ ಬಿಸಿಲಿಗೆ ಕಾಂಕ್ರೀಟು ಹಿಗ್ಗುವ ರೀತಿ ಬೇರೆ, ಮಣ್ಣಿನ ಗಾರೆಯ ಗೋಡೆ ಅಲುಗುವ ರೀತಿ ಬೇರೆ. ಇವೆರಡನ್ನೂ ಬಿಗಿಯಾಗಿ ಕಟ್ಟಿದರೆ ಏನಾಗುತ್ತದೆ? ಇಳಿಯುವುದು ಇಳಿದೇ ಇಳಿಯುತ್ತದೆ. ಇಳಿಯುವಾಗ ಪಕ್ಕದ್ದನ್ನು ಎಳೆಯುತ್ತದೆ. ಎರಡರಲ್ಲಿ ಯಾವುದು ಮೆತ್ತಗೋ ಅದು ಸೀಳುತ್ತದೆ. ಮೆತ್ತಗಿರುವುದು ಯಾವಾಗಲೂ ಹಳೆಯದೇ. ನಾವು ನೋಡಿದ ಮನೆಗಳ ಬಿರುಕಿನ ಗುಟ್ಟು ಇಷ್ಟೇ.

ಹಾಗಾಗಿ ಎರಡನ್ನೂ ಸೇರಿಸದೆ ಬಿಡಿಬಿಡಿಯಾಗಿ ಕಟ್ಟೋಣ ಅಂದದ್ದು ಮೇಸ್ತ್ರಿಗೆ ಒಪ್ಪಿಗೆಯಾಗಲಿಲ್ಲ. "ಟೀಚರೇ, ಹಳೆ ಗೋಡೆಗೆ ತೂತು ಹೊಡೆದು ಕಂಬಿ ಹಾಕಿ ಹೊಸ ಗೋಡೆಗೆ ಕಟ್ಟಿಬಿಡ್ತೀನಿ. ಜನ್ಮದಲ್ಲಿ ಅಲ್ಲಾಡಲ್ಲ" ಅಂದರು. ಪ್ರೀತಿಯಿಂದಲೇ ಹೇಳಿದ್ದು. ನನ್ನ ಹಳೆ ವಿದ್ಯಾರ್ಥಿಯೊಬ್ಬ ಸಿವಿಲ್ ಎಂಜಿನಿಯರ್. ಅವನು ನಕ್ಕು, "ಅಲ್ಲಾಡಲಿ ಬಿಡಿ. ಒಂದು ಅಲ್ಲಾಡಿದ್ದು ಇನ್ನೊಂದಕ್ಕೆ ಗೊತ್ತಾಗ್ಬಾರ್ದು, ಅಷ್ಟೇ" ಅಂದ. ನಕ್ಷೆ ಅವನೇ ಬರೆದುಕೊಟ್ಟ.

ಹೊಸ ಗೋಡೆಯನ್ನು ಹಳೆ ಗೋಡೆಯ ಪಕ್ಕದಲ್ಲೇ ಎಬ್ಬಿಸಿದರೆ ಅದಕ್ಕೆ ಪಾಯ ತೆಗೆಯುವಾಗ ಹಳೆ ಪಾಯದ ಬುಡವನ್ನೇ ಕೆರೆದ ಹಾಗಾಗುತ್ತದೆ. ಹಳೆಯದು ಎರಡಡಿ ಆಳ, ಹೊಸದು ನಾಲ್ಕಡಿ. ಅದಕ್ಕೇ ಹೊಸ ಪಾಯವನ್ನು ಹಳೆ ಗೋಡೆಯಿಂದ ಮೂರೂವರೆ ಅಡಿ ದೂರಕ್ಕೆ ತಳ್ಳಿದೆವು. ಅಗೆತವೂ ಒಂದೇ ಸಲಕ್ಕೆ ಉದ್ದಕ್ಕೆ ಅಲ್ಲ. ಐದೈದು ಅಡಿ ತುಂಡು ತುಂಡಾಗಿ ತೆಗೆದು, ಕಲ್ಲು ಕಟ್ಟಿ ತುಂಬಿ, ಆಮೇಲೆ ಮುಂದಿನದು. ನಡುವಿನ ಮೂರೂವರೆ ಅಡಿ ಜಾಗ ಓಣಿಯಾಯಿತು. ಆ ಓಣಿಯ ನೆಲ ಹೊಸ ಭಾಗದ ಕಡೆಯಿಂದ ಚಾಚಿಕೊಂಡು ಬಂದ ಕಾಂಕ್ರೀಟಿನ ಹಲಗೆ. ಹಳೆ ಗೋಡೆಯ ಹತ್ತಿರ ಬಂದು, ಮುಟ್ಟದೆ, ಒಂದು ಇಂಚು ಹಿಂದೆ ನಿಲ್ಲುತ್ತದೆ.

ಆ ಒಂದು ಇಂಚನ್ನು ಹಾಗೇ ಬಿಟ್ಟರೆ ಇರುವೆ, ಜಿರಳೆ, ಹಾವು ಎಲ್ಲಕ್ಕೂ ರಾಜಮಾರ್ಗ. ಕಾಂಕ್ರೀಟು ಹಾಕುವಾಗ ನಡುವೆ ಥರ್ಮಕೋಲ್ ಹಾಳೆ ನಿಲ್ಲಿಸಿದ್ದರು. ಅದರ ಮೇಲಿನ ಅರ್ಧ ಇಂಚು ಕೆರೆದು ತೆಗೆದು, ರಬ್ಬರಿನ ಹಾಗೆ ಎಳೆದರೆ ಬರುವ ಸೀಲೆಂಟ್ ತುಂಬಿದರು. ಮೇಲೆ ಅಂಗೈ ಅಗಲದ ಅಲ್ಯೂಮಿನಿಯಂ ಪಟ್ಟಿ. ಈ ಪಟ್ಟಿಯ ಸ್ಕ್ರೂಗಳನ್ನು ಸ್ವಲ್ಪ ಗಮನಿಸಿ. ಎಲ್ಲವೂ ಹೊಸ ನೆಲದ ಕಡೆಗೇ ಇವೆ. ಹಳೆ ಕಡೆಗೆ ಒಂದೂ ಇಲ್ಲ, ಪಟ್ಟಿ ಅಲ್ಲಿ ಸುಮ್ನೆ ಒರಗಿದೆ. ಕೆಲಸದ ಹುಡುಗ "ಅಕ್ಕಾ, ಈ ಕಡೆ ಸ್ಕ್ರೂ ಮರೆತುಹೋಗಿದೆ" ಅಂತ ಡ್ರಿಲ್ ಹಿಡಿದು ಬಂದಿದ್ದ. ನಾನು ಪಟ್ಟಿಯ ಮೇಲೆ ಕಾಲಿಟ್ಟು ನಿಂತೆ.

ಬಾಗಿಲಿಗೆ ಹಳೆ ಗೋಡೆ ಒಡೆಯಲೇಬೇಕಲ್ವಾ? ಒಡೆದೆವು, ಆದರೆ ಅಗಲ ಮಾಡಲಿಲ್ಲ. ಹಿಂದಿನ ಗೋಡೆಯಲ್ಲಿ ಮೂರಡಿ ಅಗಲದ ಕಿಟಕಿ ಇತ್ತು. ಅದರ ಮೇಲಿನ ಮರದ ತೊಲೆ ಮುಟ್ಟದೆ, ಕಿಟಕಿಯ ಕೆಳಗಿನ ಗೋಡೆಯನ್ನಷ್ಟೇ ನೆಲದವರೆಗೆ ಇಳಿಸಿ ಬಾಗಿಲು ಮಾಡಿದೆವು. ಮೇಲಿನ ಭಾರ ಮೊದಲು ಎಲ್ಲಿ ಇಳಿಯುತ್ತಿತ್ತೋ ಈಗಲೂ ಅಲ್ಲೇ ಇಳಿಯುತ್ತದೆ. ಹಳೆ ಮನೆಗೆ ಬಾಗಿಲು ಬೇಕಾದವರು ಮೊದಲು ಕಿಟಕಿ ಎಣಿಸಿ.

ಕಷ್ಟ ಆಗಿದ್ದು ಮಾಡಿನಲ್ಲಿ. ಹೊಸ ಭಾಗದ ಮಾಡು ಹಳೆ ಸೂರಿನ ಕೆಳಗೆ ತೂರಿಕೊಂಡರೆ ನೀರು ಮೇಲಿನದರಿಂದ ಕೆಳಗಿನದಕ್ಕೆ ತಾನಾಗಿ ಇಳಿದು ಹೋಗುತ್ತದೆ. ಅದು ಎಲ್ಲಕ್ಕಿಂತ ಒಳ್ಳೆಯ ದಾರಿ. ಆದರೆ ನಮ್ಮ ಹಿಂದಿನ ಸೂರು ಬಹಳ ತಗ್ಗು. ಅದರ ಕೆಳಗೆ ತೂರಬೇಕಾದರೆ ಹೊಸ ನೆಲವನ್ನು ಎರಡಡಿ ಇಳಿಸಬೇಕು. ಎರಡಡಿ ಅಂದರೆ ಮೂರು ಮೆಟ್ಟಿಲು. ಇಳಿಜಾರು ಮಾಡೋಣ ಅಂದರೆ ಗಾಲಿ ಕುರ್ಚಿಗೆ ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಅಷ್ಟು ಜಾಗ ಎಲ್ಲಿದೆ? ಇಷ್ಟೆಲ್ಲ ಮಾಡುತ್ತಿರುವುದೇ ಅತ್ತೆಗೆ ಮೆಟ್ಟಿಲು ತಪ್ಪಿಸುವುದಕ್ಕೆ. ಮೆಟ್ಟಿಲು ಬೇಡ ಅಂದರೆ ಎರಡು ಮಾಡುಗಳ ನಡುವೆ ದೋಣಿ, ಅಂದರೆ ಮಳೆ ನೀರು ಹರಿಯುವ ತಗಡಿನ ಕಾಲುವೆ, ಬೇಕು. ದೋಣಿ ಅಂದರೆ ಸೋರಿಕೆಗೆ ನಾವೇ ಕೊಟ್ಟ ಆಹ್ವಾನ. ಹಲಸಿನ ಎಲೆ, ಅಡಿಕೆ ಸೋಗೆಯ ಚೂರು ಬಿದ್ದು ಕಟ್ಟಿಕೊಂಡರೆ ನೀರು ಹಿಂದಕ್ಕೆ ಏರಿ ಸೀದಾ ಗೋಡೆಯೊಳಗೆ.

ದೋಣಿಯೇ ಇರಲಿ ಅಂದೆವು. ಆದರೆ ಅಂಗಡಿಯಲ್ಲಿ ಸಿಗುವ ಆರು ಇಂಚಿನದಲ್ಲ. ಒಂದಡಿ ಅಗಲ, ಮುಕ್ಕಾಲು ಅಡಿ ಆಳದ ಸ್ಟೀಲ್ ತಗಡಿನ ದೋಣಿ ಬಗ್ಗಿಸಿ ಮಾಡಿಸಿದೆವು. ಕಾಲಿಟ್ಟು ನಿಂತು ಗುಡಿಸುವಷ್ಟು ಅಗಲ ಇರಬೇಕು ಅನ್ನುವುದು ಆಚಾರ್ರ ಲೆಕ್ಕ. ಕೈ ಹೋಗದ ಜಾಗವನ್ನು ಯಾರೂ ಗುಡಿಸುವುದಿಲ್ಲ ಅನ್ನುವುದು ಅವರ ಅನುಭವ. ಎರಡೂ ತುದಿಗೆ ಇಳಿಜಾರು, ಎರಡು ಕಡೆಗೂ ನಾಲ್ಕು ಇಂಚಿನ ಪೈಪು. ಮುಖ್ಯವಾದದ್ದು ಇನ್ನೊಂದಿದೆ. ದೋಣಿಯ ಹೊರತುದಿಯ ಅಂಚನ್ನು ಒಳ ಅಂಚಿಗಿಂತ ಎರಡು ಇಂಚು ತಗ್ಗಿಸಿದ್ದೇವೆ. ಪೈಪು ಕಟ್ಟಿದರೂ ನೀರು ತುಂಬಿ ಹೊರಗೆ ಅಂಗಳಕ್ಕೆ ಧುಮುಕುತ್ತದೆ, ಒಳಗೆ ಬರುವುದಿಲ್ಲ. ಧುಮುಕಿದ್ದು ಕಂಡ ಕೂಡಲೇ ಏಣಿ ತರಬೇಕು ಅಂತ ಗೊತ್ತಾಗುತ್ತದೆ. ದೋಣಿ ನಿಂತಿರುವುದು ಪೂರ್ತಿ ಹೊಸ ಗೋಡೆಯ ಬ್ರಾಕೆಟ್ ಮೇಲೆ. ಹಳೆ ಹೆಂಚಿನ ಸಾಲು ಅದರ ಮೇಲಕ್ಕೆ ಬಂದು ಇಳಿಬಿದ್ದಿದೆ, ಎಲ್ಲೂ ಅಂಟಿಲ್ಲ. ನೆಲದಲ್ಲಿ ಇದ್ದ ನಿಯಮವೇ ಆಕಾಶದಲ್ಲೂ.

ಕೆಲಸ ಮುಗಿದ ಮೇಲೆ ಅವನು, ನನ್ನ ವಿದ್ಯಾರ್ಥಿ, ಬಾಗಿಲ ಪಕ್ಕದ ಹಳೆ ಗೋಡೆಯಲ್ಲಿದ್ದ ಕೂದಲೆಳೆ ಬಿರುಕಿಗೆ ಅಡ್ಡಲಾಗಿ ಒಂದು ತೆಳು ಗಾಜಿನ ಚೂರನ್ನು ಎರಡೂ ತುದಿಗೆ ಗಾರೆ ಇಟ್ಟು ಅಂಟಿಸಿದ. ಪಕ್ಕದಲ್ಲಿ ಪೆನ್ಸಿಲಿನಲ್ಲಿ ತಾರೀಖು. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಕಾಸು ಖರ್ಚಿಲ್ಲದ ಯಂತ್ರ. ನಾಲ್ಕು ಮಳೆಗಾಲ ಕಳೆದಿದೆ, ಗಾಜು ಹಾಗೇ ಇದೆ. ಹೊಸ ಭಾಗ ಒಂದಿಷ್ಟು ಇಳಿದಿರುವುದು ನಿಜ. ಅಲ್ಯೂಮಿನಿಯಂ ಪಟ್ಟಿಯ ಹಳೆ ಕಡೆಯ ಅಂಚು ಈಗ ಒಂದು ರಟ್ಟಿನಷ್ಟು ಮೇಲೆದ್ದಿದೆ. ನೆಲ ಒರೆಸುವಾಗ ಬಟ್ಟೆ ಸಿಕ್ಕಿಕೊಳ್ಳುತ್ತದೆ ಅಂತ ಕೆಲಸದವಳು ಗೊಣಗುತ್ತಾಳೆ. ನನಗೆ ಮಾತ್ರ ಅದನ್ನು ನೋಡಿದಾಗಲೆಲ್ಲ ಖುಷಿ. ಆ ಇಳಿತ ಗೋಡೆಯಲ್ಲಿ ಬಿರುಕಾಗಿ ಬರಬೇಕಿತ್ತು.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ.

ಹೊಸ ಬಚ್ಚಲಿನ ಮೇಲೆ ಮಾತ್ರ ಮೋಲ್ಡ್ ಹಾಕಿಸಿದ್ದು, ನೀರಿನ ಟ್ಯಾಂಕಿಗೋಸ್ಕರ. ಅದರ ಗೋಡೆ, ಪಾಯ ಆ ಭಾರಕ್ಕೆ ಅಂತಲೇ ಕಟ್ಟಿದ್ದು. ಮೋಲ್ಡಿಗೆ ನೀರು ಹಾಕುವುದನ್ನು ಮೂರನೇ ದಿನಕ್ಕೆ ನಿಲ್ಲಿಸುವ ಅಭ್ಯಾಸ ನಮ್ಮ ಕಡೆ ಇದೆ. ನಿಯಮದ ಪ್ರಕಾರ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ. ಈಗ ಅಂಗಡಿಯಲ್ಲಿ ಜಾಸ್ತಿ ಸಿಗುವ, ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟಿಗೆ 10 ದಿನ. ಯಾವ ಸಿಮೆಂಟು ಅಂತ ಚೀಲದ ಮೇಲೆ ಬರೆದಿರುತ್ತದೆ, ಓದಿ. ಬಚ್ಚಲಿಗೆ ಹೊಸ್ತಿಲು ಇಲ್ಲ, ಮೂರಡಿ ಬಾಗಿಲು, ಗೋಡೆಗೆ ಹಿಡಿಕೆ. ಹಿಡಿಕೆಯನ್ನು ಬರೀ ಟೈಲ್ಸಿಗೆ ಸ್ಕ್ರೂ ಹೊಡೆದು ನಿಲ್ಲಿಸಬೇಡಿ, ಗೋಡೆ ಕಟ್ಟುವಾಗಲೇ ಅದಕ್ಕೆ ಗಟ್ಟಿ ಜಾಗ ಮಾಡಿಸಿ. ಮಲದ ಗುಂಡಿ ಬಾವಿಯಿಂದ 60 ಅಡಿಯಾದರೂ ದೂರ ಇರಲಿ. ಜಂಬಿಟ್ಟಿಗೆ ನೆಲದಲ್ಲಿ ನೀರು ಸಲೀಸಾಗಿ ಹರಿಯುತ್ತದೆ. ನಾವು ಕುಡಿಯುವುದೂ ಅದೇ ನೀರು.

ಹಳೆ ವಯರಿಂಗ್ ಪೂರ್ತಿ ತೆಗೆಸಿ. ನಮ್ಮದು ಮರದ ಪಟ್ಟಿಯ ಮೇಲಿನ ವಯರಿಂಗ್. ವಯರಿನ ಹೊದಿಕೆ ಮುಟ್ಟಿದರೆ ಉದುರುತ್ತಿತ್ತು, ಅರ್ಥಿಂಗ್ ಅನ್ನುವುದೇ ಇರಲಿಲ್ಲ. ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನಾಗಿ ಆರುವ ಸ್ವಿಚ್ಚು) ಹಾಕಿಸಿದ್ದೇವೆ, ಭಯವಿಲ್ಲ ಅಂತ ಅನೇಕರು ತಿಳಿದಿದ್ದಾರೆ. ಎಂಸಿಬಿ ಕಾಪಾಡುವುದು ವಯರನ್ನು. ಮನುಷ್ಯರನ್ನು ಕಾಪಾಡುವುದು 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಕರೆಂಟು ಸೋರಿದ ಕೂಡಲೇ ಆರುವ ಸ್ವಿಚ್ಚು. ಒದ್ದೆ ಗೋಡೆಯ ಊರಿನಲ್ಲಿ ಅದಿಲ್ಲದೆ ಗೀಸರ್ ಹಾಕಿಸಬೇಡಿ.

ದುಡ್ಡಿನ ಬಗ್ಗೆ ಎರಡೇ ಮಾತು. ಹೊಸ ಭಾಗಕ್ಕೆ ಚದರಡಿ ಲೆಕ್ಕದ ಗುತ್ತಿಗೆ ಕೊಡಿ, ಹಳೆ ಭಾಗಕ್ಕೆ ದಿನಗೂಲಿ ಕೊಡಿ. ಹಳೆ ಮನೆಯ ಕೆಲಸವನ್ನು ಗುತ್ತಿಗೆಗೆ ಕೊಟ್ಟರೆ ಗುತ್ತಿಗೆದಾರನಿಗೆ ರಿಪೇರಿ ಮಾಡುವುದಕ್ಕಿಂತ ಕಿತ್ತು ಎಸೆಯುವುದು ಲಾಭ. ಅವನ ತಪ್ಪಲ್ಲ, ಲೆಕ್ಕವೇ ಹಾಗಿದೆ. ಸಾಲ ತೆಗೆಯುವವರಿಗೆ ಇನ್ನೊಂದು. ಹಳೆ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ, ಸ್ವಂತ ವಾಸದ ಮನೆ ಕಟ್ಟಲು ತೆಗೆದ ಸಾಲದ ಬಡ್ಡಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಕಳೆಯಬಹುದು. ದುರಸ್ತಿಯ ಸಾಲಕ್ಕೆ ಬರೀ 30,000. ಉಳಿಸಿಕೊಳ್ಳುವವರಿಗಿಂತ ಕಟ್ಟುವವರ ಮೇಲೆ ಸರ್ಕಾರಕ್ಕೆ ಪ್ರೀತಿ ಜಾಸ್ತಿ. ಪಂಚಾಯ್ತಿ ವ್ಯಾಪ್ತಿಯಲ್ಲಿದ್ದರೆ ಇ-ಸ್ವತ್ತು, ಅಂದರೆ ಪಂಚಾಯ್ತಿಯ ಆಸ್ತಿ ದಾಖಲೆ, ಮೊದಲೇ ಮಾಡಿಸಿಕೊಳ್ಳಿ. ಮನೆ ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ, ಮೈದುನ, ನಾದಿನಿಯರೆಲ್ಲ ಕೂತು ಪಾಲಿನ ವಿಷಯ ಮಾತಾಡುವುದು ಪಾಯ ತೋಡುವುದಕ್ಕಿಂತ ಮುಂಚೆ ಆಗಬೇಕು. ನಮ್ಮಲ್ಲಿ ಆಯಿತು. ಅದರ ಕಥೆ ಇಲ್ಲಿ ಬೇಡ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳು:

ವಾಸ್ತು ನೋಡಿದ್ರಾ?

ಬಂದವರು ಬಚ್ಚಲು ಮೂಡಣ ಮೂಲೆಯಲ್ಲಿ ಬೇಡ ಅಂದರು. ನಮಗೂ ಬೇಡವಾಗಿತ್ತು, ಬಾವಿ ಅಲ್ಲೇ ಇದೆ. ಇಬ್ಬರಿಗೂ ಸಂತೋಷವಾಯಿತು.

ಕೆಂಪು ಗಾರೆ ನೆಲ ಉಳಿಸಿಕೊಂಡ್ರಾ, ಟೈಲ್ಸ್ ಹಾಕಿದ್ರಾ?

ನಡುಮನೆ, ಜಗುಲಿಯಲ್ಲಿ ಉಳಿಸಿಕೊಂಡಿದ್ದೇವೆ. ಅಲ್ಲಲ್ಲಿ ಒಡೆದಿತ್ತು. ತೇಪೆ ಹಾಕಿದರೆ ಬಣ್ಣ ಕೂಡುವುದಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಹೊಸ ಕೋಣೆಗೂ ಅದನ್ನೇ ಮಾಡಿಸುವ ಆಸೆ ಇತ್ತು. ಒಂದು ಕೋಣೆಯ ನೆಲವನ್ನು ನಡುವೆ ನಿಲ್ಲಿಸದೆ ಒಂದೇ ಸಲಕ್ಕೆ ತೀಡಿ ಮುಗಿಸಬೇಕು, ಇಲ್ಲದಿದ್ದರೆ ಕೂಡಿದ ಗೆರೆ ಕಾಣುತ್ತದೆ. ಆ ಕೈ ಇರುವ ಗಾರೆಯವರು ಈಗ ಬಹಳ ಕಡಿಮೆ. ಸಿಕ್ಕಿದವರಿಗೆ ವಯಸ್ಸಾಗಿತ್ತು, ಮಗನನ್ನು ಜೊತೆಗೆ ಕರೆದುಕೊಂಡು ಬಂದು ಮಾಡಿಸಿಕೊಟ್ಟರು. ಮಗ ಈಗ ಕಲಿತಿದ್ದಾನೆ, ಬೇಕಾದವರು ಆಮೇಲೆ ನನ್ನನ್ನು ಕೇಳಿ. ಬಚ್ಚಲಿಗೆ ಮಾತ್ರ ಜಾರದ ಟೈಲ್ಸ್.

ವರಲೆಗೆ (ಗೆದ್ದಲಿಗೆ) ಏನು ಮಾಡಿದ್ರಿ?

ಔಷಧಿ ಹೊಡೆಸಿದ್ದೇವೆ. ಅದಕ್ಕಿಂತ ಮುಖ್ಯ, ಅದು ಬರುವುದು ಮಣ್ಣಿನಿಂದ, ಮಣ್ಣಿನ ಗೂಡು ಕಟ್ಟಿಕೊಂಡೇ ಮೇಲೆ ಹತ್ತುತ್ತದೆ. ಪಂಚಾಂಗ ಬಯಲಾಗಿದ್ದರೆ ಆ ಗೂಡು ಕಣ್ಣಿಗೆ ಬೀಳುತ್ತದೆ. ಮಣ್ಣು ತೆಗೆಸಿದ್ದು ಇದಕ್ಕೂ ಉಪಯೋಗವಾಯಿತು. ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ಮನೆ ಸುತ್ತ ಒಂದು ಸುತ್ತು ಹಾಕುತ್ತೇನೆ.

ಎಲ್ಲ ಸರಿ ಟೀಚರ್, ಮಂಗನ ಕಾಟಕ್ಕೆ ಏನು ಮಾಡಿದ್ರಿ? ನಾವು ಹೆಂಚು ತೆಗೆದು ಶೀಟ್ ಹಾಕಿದ್ದೇ ಅದಕ್ಕೆ.

(ಈ ಪ್ರಶ್ನೆಗೆ ಎಲ್ಲರೂ ನಕ್ಕರು, ಆಮೇಲೆ ಎಲ್ಲರೂ ಸುಮ್ಮನಾದರು.) ನಿಮ್ಮನ್ನು ನಾನು ತಪ್ಪು ಅನ್ನುವುದಿಲ್ಲ. ಮಲೆನಾಡಿನಲ್ಲಿ ಹೆಂಚಿನ ಮನೆಗೆ ಮಳೆಗಿಂತ ದೊಡ್ಡ ಶತ್ರು ಈಗ ಮಂಗವೇ. ಹಿಂಡು ಬಂದು ಒಮ್ಮೆ ಮಾಡಿನ ಮೇಲೆ ಓಡಾಡಿದರೆ ಹತ್ತು ಹೆಂಚು ಹೋಯಿತು. ಕೆಲವರು ಹೆಂಚಿನ ಕೆಳಗೆ ಶೀಟ್ ಹಾಕಿಸುತ್ತಾರೆ, ಒಡೆದರೂ ಸೋರುವುದಿಲ್ಲ. ನಾವು ಅತ್ತೆಯ ಕೋಣೆಯ ಮೇಲೆ ಮಾತ್ರ ಹಾಗೆ ಮಾಡಿಸಿದ್ದೇವೆ. ಮನೆಯ ಮೇಲೆ ಬಾಗಿದ್ದ ಹಲಸಿನ ಕೊಂಬೆ ಕಡಿಸಿದೆವು, ಸ್ವಲ್ಪ ಕಡಿಮೆಯಾಯಿತು. ಪೂರ್ತಿ ನಿಂತಿಲ್ಲ. ಅಳತೆ ಹೊಂದುವ ಹಳೆ ಹೆಂಚು ಮುನ್ನೂರರಷ್ಟು ಕೊಟ್ಟಿಗೆಯಲ್ಲಿ ಪೇರಿಸಿಟ್ಟಿದ್ದೇವೆ. ಒಡೆದ ದಿನವೇ ಬದಲಿಸುತ್ತೇವೆ. ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲಿ ಯಾರಿಗಾದರೂ ಗೊತ್ತಿದ್ದರೆ ಮೈಕು ಅವರಿಗೇ ಕೊಡುತ್ತೇನೆ.